ಉದ್ದ ಬಾಗಿಲಿನ ಕಾರು

ಸೆಪ್ಟೆಂಬರ್ ೩೦, ಮಂಗಳವಾರ

ಡೈರಿಯ ಮೊದಲ ಹಾಳೆ ಖಾಲಿ ಉಳಿದಿತ್ತು. ಖಾಲಿ ಹಾಳೆಗೂ ನಾನು ದುಡ್ಡು ಕೊಟ್ಟಿದ್ದೇನೆ, ಆದ್ದರಿಂದ ಕೊನೆಗೆ ಬರೆಯಬೇಕಾದದ್ದನ್ನು ಇಲ್ಲೇ ಬರೆಯುತ್ತೇನೆ. ಒಂದು ಕಾರು ಮಾರಿಸಲು ಆದ ಖರ್ಚು ಹೀಗೆ. ಬ್ಯಾಟರಿ ಅರವತ್ತನಾಲ್ಕು ಪೌಂಡ್. ಮುಂದಿನ ಎರಡು ಟೈರು ನೂರ ತೊಂಬತ್ತು. ಬಟ್ಟೆಯ ಮೇಲ್ಹೊದಿಕೆಗೆ ಹೊಲಿಗೆ ಎಂಬತ್ತೈದು. ಹಳೇ ಕಾರುಗಳ ಪತ್ರಿಕೆಯಲ್ಲಿ ಮೂರು ಸಲ ಜಾಹೀರಾತು, ನೂರ ಮೂವತ್ತೈದು. ಕೊಳ್ಳದವರೆಲ್ಲ ಓಡಿಸಿ ಸುಟ್ಟ ಪೆಟ್ರೋಲು ನೂರ ಹದಿನೆಂಟು. ಚಹಾ, ಕೇಕು ಎಪ್ಪತ್ತೊಂದು. ಹೆಂಗಸರ ಶೂ ಒಂದು ಜೊತೆ, ನಲವತ್ತೆಂಟು.

ಒಟ್ಟು ಏಳುನೂರ ಹನ್ನೊಂದು. ಜೊತೆಗೆ ಒಂದು ಸುಳ್ಳು. ಅದನ್ನು ಯಾವ ಕಾಲಮ್ಮಿಗೆ ಹಾಕಬೇಕೋ ತಿಳಿಯದು. ಶೂ ಕಾರಿನ ಬಿಡಿಭಾಗವೇ ಎಂದು ತೆರಿಗೆಯವರು ಕೇಳಿದರೆ ಹೌದು ಎನ್ನುತ್ತೇನೆ. ನಡೆದದ್ದನ್ನು ಓದಿದರೆ ಅವರೂ ಒಪ್ಪುತ್ತಾರೆ.

ಜುಲೈ ೧೪, ಸೋಮವಾರ

ಬೆಳಿಗ್ಗೆ ಕೋಲ್‌ವಾಲ್ ಹಳ್ಳಿಯಿಂದ ಫೋನು. ಹೆಂಗಸಿನ ದನಿ, ವೇಲ್ಸ್ ಕಡೆಯ ರಾಗ.

"ಹಳೇ ಕಾರು ಕೊಳ್ಳೋ ಯಾಪ್ ನೀವೇನಾ?"

"ಕೊಳ್ಳೋದು ಕಡಿಮೆ ಮೇಡಂ, ಮಾರಿಸೋದು ಜಾಸ್ತಿ. ಕೊಂಡ್ರೆ ನನ್ನ ದುಡ್ಡು ಸಿಕ್ಕಿಹಾಕ್ಕೊಳ್ಳುತ್ತೆ. ಮಾರಿಸಿದ್ರೆ ನಿಮ್ಮದು."

"ಪರವಾಗಿಲ್ಲ, ನಿಜ ಹೇಳ್ತೀರಿ," ಎಂದರು. ಅದು ಹೊಗಳಿಕೆಯೋ ಎಚ್ಚರಿಕೆಯೋ ಗೊತ್ತಾಗಲಿಲ್ಲ.

ಹೋದೆ. ಹೆಸರು ಮಿಸೆಸ್ ಆಲ್ವೆನ್ ಪ್ರಾಸರ್. ಅರವತ್ತಾರು ವರ್ಷ, ಮುಂಗೈಯೆಲ್ಲ ಹಿಟ್ಟು. ಗ್ಯಾರೇಜಿನಲ್ಲಿ ಉಣ್ಣೆಯ ಕಂಬಳಿ ಹೊದ್ದು ಏನೋ ಮಲಗಿತ್ತು, ಅದರ ಮೇಲೆ ಸಾಲಾಗಿ ಜಾಮಿನ ಬಾಟಲಿಗಳು. ಬಾಟಲಿ ಇಳಿಸಿ ಕಂಬಳಿ ಸರಿಸಿದೆ. ಮೂವತ್ತೆಂಟು ವರ್ಷದಿಂದ ಈ ವ್ಯಾಪಾರದಲ್ಲಿದ್ದೇನೆ. ಮಾಲು ನೋಡಿದಾಗ ಮುಖ ಕಲ್ಲಾಗಿರಬೇಕು ಎಂಬುದು ನನ್ನ ಮೊದಲ ಪಾಠ. ಇವತ್ತು ಮುಖ ಮಾತು ಕೇಳಲಿಲ್ಲ.

೧೯೫೪ರ ಟ್ರಯಂಫ್ ಟಿ.ಆರ್. ೨. ಎರಡೇ ಸೀಟು. ಜೆರೇನಿಯಂ ಹೂವಿನ ಕೆಂಪು, ಕಾರ್ಖಾನೆಯಲ್ಲಿ ಬಳಿದ ಬಣ್ಣವೇ. ಮುಂದೆ ಬಾಯಿ ತೆರೆದ ಮೀನಿನ ಮುಖ, ಎರಡು ಗುಂಡು ದೀಪ. ಇದರ ಎಂಜಿನ್ ಹೊಲ ಉಳುವ ಟ್ರಾಕ್ಟರಿನ ಎಂಜಿನ್‌ಗೆ ದಾಯಾದಿ, ಅದಕ್ಕೇ ಸಾಯುವುದಿಲ್ಲ. ಮುಖ್ಯ ಸಂಗತಿ ಬಾಗಿಲು. ಮೊದಮೊದಲ ಕಾರುಗಳಿಗೆ ಮಾತ್ರ ಬಾಗಿಲು ಕೆಳಗಿನ ಅಂಚಿನವರೆಗೂ ಇಳಿಯುತ್ತಿತ್ತು. ವರ್ಷ ದಾಟುತ್ತಲೇ ಗಿಡ್ಡ ಮಾಡಿದರು. ಸಂಗ್ರಹಕಾರರು ಉದ್ದ ಬಾಗಿಲೆಂದರೆ ಪ್ರಾಣ ಬಿಡುತ್ತಾರೆ.

ಎಡಗಡೆ ಬಾಗಿಲಿನ ತಳದಲ್ಲಿ ಮಾತ್ರ ಗೇಣುದ್ದ ಗೀರು, ತಗಡು ಸ್ವಲ್ಪ ಮಡಚಿದೆ.

"ಇದನ್ನ ನಮ್ಮ ಪೇಂಟರ್ ಅರ್ಧ ದಿನದಲ್ಲಿ ಸರಿ ಮಾಡ್ತಾನೆ," ಎಂದೆ.

"ಮುಟ್ಟಿದ್ರೆ ಕೈ ಮುರೀತೀನಿ," ಎಂದರು. ನಗುತ್ತಲೇ ಹೇಳಿದರು, ಆದರೆ ಕೈಯಲ್ಲಿ ಲಟ್ಟಣಿಗೆ ಇತ್ತು.

ಗಂಡ ಐವರ್ ತೀರಿಕೊಂಡು ಮೂರು ಚಳಿಗಾಲ. ಲೆಡ್ಬರಿ ಪೇಟೆಯ ಚಹಾದಂಗಡಿಗೆ ಈಕೆ ಇಪ್ಪತ್ತು ವರ್ಷದಿಂದ ಕೇಕು ಮಾಡಿಕೊಡುತ್ತಿದ್ದಾರೆ. ಅಂಗಡಿಯ ಒಡತಿ ಈಗ ಬಿಟ್ಟು ಹೊರಟಿದ್ದಾಳೆ. ಇಪ್ಪತ್ತೆರಡು ಸಾವಿರ ಪೌಂಡ್ ಕೊಟ್ಟರೆ ಮೇಜು ಕುರ್ಚಿ ಒಲೆ ಗಿರಾಕಿ ಎಲ್ಲ ಸೇರಿಸಿ ಇವರಿಗೇ. ಗಡುವು ಮಿಕೆಲ್‌ಮಸ್, ಅಂದರೆ ಸೆಪ್ಟೆಂಬರ್ ಇಪ್ಪತ್ತೊಂಬತ್ತು. ಅದು ದಾಟಿದರೆ ಅಂಗಡಿ ಮೊಬೈಲ್ ಫೋನು ಮಾರುವವನಿಗೆ.

"ಇಪ್ಪತ್ತು ವರ್ಷ ಬೇರೆಯವರ ತಟ್ಟೇಲಿ ನನ್ನ ಕೇಕು ನೋಡಿದ್ದೀನಿ, ಯಾಪ್ ಅವರೇ. ಒಂದು ವರ್ಷ ಆದ್ರೂ ನನ್ನ ತಟ್ಟೇಲಿ ನೋಡ್ಬೇಕು."

ಬೆಲೆ ಇಪ್ಪತ್ತನಾಲ್ಕು ಸಾವಿರ ಎಂದೆ. ನೂರಕ್ಕೆ ಎಂಟರಂತೆ ನನ್ನ ಪಾಲು ಕಳೆದರೂ ಅವರ ಗುರಿ ಮುಟ್ಟುತ್ತದೆ. ಒಪ್ಪಿದರು. ಆದರೆ ಒಂದು ಷರತ್ತು: ಕೊಳ್ಳುವವನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಡ್ಬರಿಗೆ ಹೋಗಿ ಚಹಾ ಕುಡಿದು ವಾಪಸು ಬರಬೇಕು. ಆಮೇಲೆ ಅವರು ಹೂಂ ಅಥವಾ ಊಹೂಂ ಎನ್ನುತ್ತಾರೆ. ಕಾರಣ ಕೇಳಬಾರದು.

ಒಪ್ಪಿಕೊಂಡೆ. ಇಂಥ ಕಾರಿಗಾಗಿ ಅವರು ಜೊತೆಗೊಂದು ಕುದುರೆಮರಿ ಬೇಕು ಎಂದಿದ್ದರೂ ಒಪ್ಪುತ್ತಿದ್ದೆ.

ಜುಲೈ ೧೯, ಶನಿವಾರ

ಕಾರು ನನ್ನ ಅಂಗಳಕ್ಕೆ ಬಂತು. ಮೊದಲು ಬಿಯರಿಗೆ ಹಾಕುವ ಹಾಪ್ಸ್ ಹೂ ಒಣಗಿಸುತ್ತಿದ್ದ ಕಟ್ಟಡ ಇದು, ಈಗಲೂ ಬಿಯರಿನ ವಾಸನೆ ಹೊಡೆಯುತ್ತದೆ. ಗಿರಾಕಿಗಳು ವಾಸನೆಗೇ ಅರ್ಧ ಖುಷಿಯಾಗುತ್ತಾರೆ.

ಜಾಹೀರಾತು ಹೊರಡುವ ಮುನ್ನವೇ ಒಬ್ಬ ಬಂದ. ಬರಬಾರದವನು. ಆಂಬ್ರೋಸ್ ಟಾಲಿ, ಪೇಟೆಯಲ್ಲಿ ಮೂರು ತಲೆಮಾರಿನಿಂದ ಶವಸಂಸ್ಕಾರದ ಅಂಗಡಿ ನಡೆಸುವವನು. ಆರಡಿ ಮೂರಂಗುಲ, ಕರಿ ಕೋಟು, ನಡೆದರೆ ಸದ್ದೇ ಇಲ್ಲ.

"ಮಿಸ್ಟರ್ ಯಾಪ್, ಒಂದು ಟಿ.ಆರ್. ಬಂದಿದೆ ಅಂತ ಕೇಳಿದೆ."

"ನಿಮಗ್ಯಾಕ್ರೀ ಅದು? ನಿಮ್ಮ ಗಿರಾಕಿಗಳಿಗೆ ಅವಸರ ಇರಲ್ವಲ್ಲ."

ಅವನು ನಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದ, ಟೋಪಿ ಕೈಯಲ್ಲಿ ಹಿಡಿದು. "ಮೂವತ್ತೊಂದು ವರ್ಷದಿಂದ ನಡಿಗೆಯ ವೇಗದಲ್ಲಿ ಗಾಡಿ ಓಡಿಸ್ತಾ ಇದ್ದೀನಿ," ಎಂದ. "ಹಿಂದೆ ಯಾರೂ ಮಲಗಿರದ ಒಂದು ಗಾಡಿ ಬೇಕು ಅನಿಸಿದೆ."

"ತಡ ಮಾಡಿದ್ರಿ. ಆಗಲೇ ಒಬ್ಬರಿಗೆ ಮಾತು ಕೊಟ್ಟಾಗಿದೆ."

ಕೊಟ್ಟಿರಲಿಲ್ಲ. ಅವನು ತಲೆಯಾಡಿಸಿ ಹೋದ. ಹೆಣದ ಗಾಡಿಯವನು ಅಂಗಳದಲ್ಲಿ ನಿಂತಿದ್ದರೆ ಬೇರೆ ಗಿರಾಕಿ ಒಳಗೆ ಬರುತ್ತಾನೆಯೇ? ಇದು ಶುದ್ಧ ವ್ಯಾಪಾರದ ಲೆಕ್ಕ. ಆ ಮನುಷ್ಯನನ್ನು ಕಂಡರೆ ನಾನು ರಸ್ತೆಯ ಆಚೆ ಬದಿಗೆ ಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಗಸ್ಟ್ ೨, ಶನಿವಾರ

ಚೆಲ್ಟನ್‌ಹ್ಯಾಮಿನಿಂದ ಒಬ್ಬ ದಂತವೈದ್ಯ. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ. ನಾವು ಕಳ್ಳತನದಿಂದ ಎಂಜಿನ್ ಬಿಸಿ ಮಾಡಿಟ್ಟಿದ್ದೇವೆಯೇ ಎಂದು ನೋಡುವ ಕ್ರಮ ಅದು. ತಣ್ಣಗಿತ್ತು. ನಾನೂ ಕಲಿತವನೇ, ಬೆಳಿಗ್ಗೆ ಏಳಕ್ಕೇ ಬಿಸಿ ಮಾಡಿ ಆರಿಸಿದ್ದೆ. ಆಮೇಲೆ ಜೇಬಿನಿಂದ ಕಡ್ಡಿಯ ತುದಿಯ ಕನ್ನಡಿ ತೆಗೆದು, ನೆಲಕ್ಕೆ ಮಂಡಿಯೂರಿ, ಕಾರಿನ ಹೊಟ್ಟೆ ಪರೀಕ್ಷಿಸಿದ.

"ಬಾಯಿ ಇನ್ನೂ ಅಗಲ ತೆಗೀಲಾ ಡಾಕ್ಟ್ರೇ?" ಎಂದೆ.

ಎಲ್ಲ ಹಿಡಿಸಿತು. ಚೆಕ್ ಪುಸ್ತಕವನ್ನೂ ತೋರಿಸಿದ. ಮಿಸೆಸ್ ಪ್ರಾಸರ್ ತಲೆಗೆ ವಸ್ತ್ರ ಕಟ್ಟಿಕೊಂಡು ಎಡಗಡೆ ಕೂತರು. ಎರಡೇ ಸೀಟಿನ ಕಾರು, ನಾನು ಅಂಗಳದಲ್ಲಿ ನಿಂತು ಕೈ ಬೀಸುವವನು. ಎರಡು ಗಂಟೆಯ ನಂತರ ವಾಪಸು ಬಂದರು. ಡಾಕ್ಟರ ಮುಖ ಅರಳಿತ್ತು. ಮಿಸೆಸ್ ಪ್ರಾಸರ್ ವಸ್ತ್ರ ಬಿಚ್ಚಿ ಮಡಚಿ, "ಊಹೂಂ," ಎಂದರು.

"ಯಾಕೆ?"

"ಕಾರಣ ಕೇಳಬಾರದು ಅಂದಿದ್ದೆ."

ಇಪ್ಪತ್ತನಾಲ್ಕು ಸಾವಿರ ಅಂಗಳದಿಂದ ಹೊರಗೆ ನಡೆದುಹೋಗುವುದನ್ನು ನೋಡಿದೆ. ಕಣ್ಣಿಗೆ ತಂಪಾದ ನೋಟವಲ್ಲ.

ಆಗಸ್ಟ್ ೫, ಮಂಗಳವಾರ

ಮಿಸೆಸ್ ಪ್ರಾಸರ್‌ಗೆ ಬುದ್ಧಿ ಹೇಳಲೆಂದು ಲೆಡ್ಬರಿಯ ಚಹಾದಂಗಡಿಗೆ ಹೋದೆ. ಕ್ಯಾರಟ್ ಕೇಕು ತಿಂದೆ. ಬುದ್ಧಿ ಹೇಳಲು ಮರೆತೆ.

ಆಗಸ್ಟ್ ೧೬, ಶನಿವಾರ

ನಿವೃತ್ತ ವಿಮಾನ ಚಾಲಕ. ಚರ್ಮದ ಕೈಗವಸು, ತಿರುಚಿದ ಮೀಸೆ. ಹದಿನೆಂಟು ವರ್ಷದಿಂದ ಉದ್ದ ಬಾಗಿಲಿನ ಟಿ.ಆರ್. ಹುಡುಕುತ್ತಿದ್ದಾನಂತೆ. ಓಡಿಸುವುದನ್ನು ನೋಡಿದೆ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ವಾಪಸು ಬಂದ ಮೇಲೆ ಮತ್ತೆ "ಊಹೂಂ."

ಈ ಸಲ ನಾನು ತಡೆದುಕೊಳ್ಳಲಿಲ್ಲ. "ಮೇಡಂ, ನಿಮಗೆ ಕಾರು ಮಾರ್ಬೇಕಾ, ಅಳಿಯನ್ನ ಆರಿಸ್ಬೇಕಾ?"

"ಅಳಿಯ ಆಗಿದ್ರೆ ಇಷ್ಟು ನೋಡ್ತಿರಲಿಲ್ಲ," ಎಂದರು. "ನನಗೆ ಮಗಳೇ ಇಲ್ಲ."

"ಗಡುವಿಗೆ ಆರೇ ವಾರ. ಆಮೇಲೆ ನಿಮ್ಮ ಕೇಕನ್ನ ಫೋನ್ ಅಂಗಡೀಲಿ ಮಾರ್ತೀರಾ?"

ಮುಖ ಬಾಡಿತು. ನಡೆದು ಬಸ್ಸಿಗೆ ಹೋದರು. ಅಷ್ಟು ಹೇಳಬಾರದಿತ್ತು. ಬಸ್ ನಿಲ್ದಾಣದವರೆಗಾದರೂ ಬಿಟ್ಟು ಬರಬೇಕಿತ್ತು.

ಕಾರು ಒರೆಸುವಾಗ ಎಡಬಾಗಿಲಿನ ತಳದಲ್ಲಿ ಕೈಗೆ ಕಲ್ಲಿನ ಪುಡಿ ಹತ್ತಿತು. ಹಳೇ ಗೀರಿನ ಪಕ್ಕದಲ್ಲಿ ಹೊಸ ಗೀರು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು. ಉದ್ದ ಬಾಗಿಲನ್ನು ಗಿಡ್ಡ ಮಾಡಿದ್ದು ಯಾಕೆ? ಕಾರು ತೀರ ತಗ್ಗು. ಎತ್ತರದ ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದರೆ ಬಾಗಿಲು ಅಂಚುಗಲ್ಲಿಗೆ ಬಡಿದು ತೆರೆಯುವುದೇ ಇಲ್ಲ. ಲೆಡ್ಬರಿಯ ಚಹಾದಂಗಡಿಯ ಮುಂದಿನ ಕಲ್ಲು ಮೊಣಕಾಲೆತ್ತರ. ಕಾರನ್ನು ನೀಟಾಗಿ ಕಲ್ಲಿಗೆ ಒತ್ತಿ ನಿಲ್ಲಿಸುವುದು ಒಳ್ಳೆಯ ಚಾಲಕನ ಹೆಮ್ಮೆ. ಆ ಹೆಮ್ಮೆಗೇ ಇಬ್ಬರೂ ಬಲಿಯಾಗಿದ್ದಾರೆ. ಪಕ್ಕದಲ್ಲಿ ಕೂತವರು ಹೇಗೆ ಇಳಿಯುತ್ತಾರೆ ಎಂದು ಯಾರೂ ಯೋಚಿಸಲಿಲ್ಲ.

ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಿತು. ಇನ್ನು ಸುಲಭ.

ಸೆಪ್ಟೆಂಬರ್ ೧, ಸೋಮವಾರ

ಮಳೆ. ಗಿರಾಕಿ ಇಲ್ಲ. ಆಲ್ವೆನ್ ಬಂದಿದ್ದರು, ನಿಂಬೆಹಣ್ಣಿನ ಕೇಕು. ಸಿಟ್ಟಿಲ್ಲ.

ಸೆಪ್ಟೆಂಬರ್ ೬, ಶನಿವಾರ

ಯಾರೂ ಬರಲಿಲ್ಲ. ಕಾರನ್ನು ಸುಮ್ಮನೆ ನಿಲ್ಲಿಸಿದರೆ ಬ್ರೇಕು ಹಿಡಿದುಕೊಳ್ಳುತ್ತದೆಂದು ನಾನೇ ಬೆಟ್ಟದ ದಾರಿಯಲ್ಲಿ ಓಡಿಸಿಕೊಂಡು ಬಂದೆ. ಬೇಕಿದ್ದುದು ಎರಡು ಮೈಲಿ. ಇಪ್ಪತ್ತಾರು ಮೈಲಿ ಆಯಿತು. ಬ್ರೇಕಿನ ವಿಷಯದಲ್ಲಿ ಸಡಿಲ ಇರಬಾರದು.

ಎಡಗಡೆ ಸೀಟು ಖಾಲಿ ಇದ್ದಾಗ ಈ ಕಾರು ಒಂದು ಬದಿಗೆ ವಾಲುತ್ತದೆ ಅನ್ನಿಸಿತು. ಸ್ಪ್ರಿಂಗು ನೋಡಿದೆ. ಸರಿಯಾಗಿಯೇ ಇದೆ.

ಸೆಪ್ಟೆಂಬರ್ ೧೩, ಶನಿವಾರ

ದೊಡ್ಡ ಮೀನು. ಮಿಸ್ಟರ್ ಗೈಲ್ಸ್ ರ‍್ಯಾಕ್‌ಸ್ಟ್ರಾ, ಸರ‍್ರಿಯವನು. ನಲವತ್ತು ಕಾರುಗಳಿವೆಯಂತೆ, ಗೋದಾಮಿನಲ್ಲಿ, ಹದವಾದ ಗಾಳಿಯಲ್ಲಿ, ಒಂದೊಂದರ ಮೇಲೂ ಧೂಳು ಕೂರದಂತೆ ಒಂದೊಂದು ಪ್ಲಾಸ್ಟಿಕ್ ಗುಳ್ಳೆ.

"ಓಡಿಸ್ತೀರಾ ಸಾರ್?"

"ಓಡಿಸಿದ್ರೆ ಬೆಲೆ ಇಳಿಯಲ್ವೇನಯ್ಯಾ?"

ಇಪ್ಪತ್ತಾರು ಸಾವಿರ ಕೊಡುತ್ತೇನೆಂದ, ಕೇಳಿದ್ದಕ್ಕಿಂತ ಎರಡು ಸಾವಿರ ಹೆಚ್ಚು. ಆ ಕ್ಷಣ ನಾನು ಮಾಡಿದ್ದನ್ನು ಯಾವ ದಲ್ಲಾಳಿಯಾದರೂ ಮಾಡುತ್ತಿದ್ದ. ಕಿವಿಯಲ್ಲಿ ಹೇಳಿದೆ: "ಚಹಾದಂಗಡಿ ಮುಂದೆ ಕಲ್ಲಿನಿಂದ ಮೂರಡಿ ದೂರ ನಿಲ್ಸಿ. ಇಲ್ಲದಿದ್ರೆ ಬಾಗಿಲು ಬಡಿಯುತ್ತೆ."

ಮಳೆ ಬಿದ್ದು ನಿಂತ ಹೊತ್ತು. ಹೋದರು, ಬಂದರು. ಆಲ್ವೆನ್ ಇಳಿದಾಗ ಕಂದು ಬಣ್ಣದ ಶೂ ಎರಡೂ ಕೆಸರು ಹೀರಿ ಕಪ್ಪಾಗಿದ್ದವು. ರ‍್ಯಾಕ್‌ಸ್ಟ್ರಾ ಫೋನಿನಲ್ಲಿ ಮಾತಾಡುತ್ತಲೇ ಇದ್ದ.

ಆಕೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಮೂರಡಿ ದೂರ ನಿಲ್ಸು ಅಂತ ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ ಅಲ್ವಾ?"

ನಾನು ತಲೆ ತಗ್ಗಿಸಿ ಬಾನೆಟ್ ಒರೆಸತೊಡಗಿದೆ.

"ಅರ್ಧ ಪಾಠ ಹೇಳಿಕೊಟ್ಟಿದ್ದಾರೆ. ಮೂರಡಿ ದೂರ ನಿಲ್ಸಿ ಅವನು ಅಲ್ಲೇ ಕೂತು ಫೋನ್ ಹಿಡಿದ. ನಾನು ಚರಂಡಿ ನೀರಿಗೆ ಕಾಲಿಟ್ಟು, ಆಮೇಲೆ ಆ ಕಲ್ಲು ಹತ್ತಿದೆ, ಮೇಕೆ ಹತ್ತಿದ ಹಾಗೆ."

ಸೆಪ್ಟೆಂಬರ್ ೧೫, ಸೋಮವಾರ

ಶೂ ಕೊಂಡುಕೊಂಡು ಕೋಲ್‌ವಾಲಿಗೆ ಹೋದೆ. ಆಲ್ವೆನ್ ಹಾಕಿ ನೋಡಿದರು, ಸರಿಯಾಗಿ ಕೂತಿತು.

"ನನ್ನ ಅಳತೆ ಹೇಗೆ ಗೊತ್ತಾಯ್ತು?"

"ಐದು ಅನ್ನಿಸ್ತು. ಬೆರಿಲ್‌ದೂ ಐದೇ."

ಬೆರಿಲ್ ಯಾರು ಎಂದು ಕೇಳಲಿಲ್ಲ. ಚಹಾ ಮಾಡಿದರು. ಆಮೇಲೆ ತಾವಾಗಿಯೇ ಗೀರಿನ ಕತೆ ಹೇಳಿದರು. ಕಾರು ಕೊಂಡ ವಾರ, ಐವರ್ ಮೊದಲ ಸಲ ಇವರನ್ನು ಕೂರಿಸಿಕೊಂಡು ಅದೇ ಚಹಾದಂಗಡಿಗೆ ಹೋಗಿದ್ದು. ಗತ್ತಿನಿಂದ ಕಲ್ಲಿಗೆ ಒತ್ತಿ ನಿಲ್ಲಿಸಿದನಂತೆ. ಇವರು ಬಾಗಿಲು ತಳ್ಳಿದರು, ಕರ‍್ರ್ ಎಂದು ತಗಡು ಮಡಚಿತು, ಬಾಗಿಲು ಅಲ್ಲೇ ಸಿಕ್ಕಿಕೊಂಡಿತು. ಹೊಸ ಸ್ಕರ್ಟು ಹಾಕಿದ್ದ ಹುಡುಗಿ ಗೇರಿನ ಕಡ್ಡಿ ದಾಟಿ ಚಾಲಕನ ಬಾಗಿಲಿಂದ ಇಳಿಯಬೇಕಾಯಿತು, ಇಡೀ ಬೀದಿ ನೋಡುತ್ತಿರುವಾಗ.

"ಬೇರೆ ಗಂಡಸಾಗಿದ್ರೆ ಬಾಗಿಲಿಗೆ ಅಳ್ತಿದ್ದ. ಅವನು ನನ್ನ ಸ್ಕರ್ಟಿಗೆ ಏನಾಯ್ತು ಅಂತ ನೋಡಿದ. ಆವತ್ತಿನಿಂದ ಸಾಯೋವರೆಗೂ ಮೂರಡಿ ದೂರ ನಿಲ್ಸೋನು, ಸುತ್ತಿ ಬರೋನು, ಇಳಿಯೋಕೆ ಕೈ ಚಾಚೋನು. ಜಗಳ ಆಡಿದ ದಿನಾನೂ. ಮಾತಾಡ್ತಿರಲಿಲ್ಲ, ಆದ್ರೆ ಕೈ ಚಾಚೋನು."

"ಹಾಗಿದ್ರೆ ಅಂಥವನಿಗೇ ಮಾರ್ಬೇಕು," ಎಂದೆ.

"ಎಲ್ಲಿದ್ದಾನೆ ವಿಲ್ಫ್ ಅಂಥವನು?" ಮೊದಲ ಸಲ ಹೆಸರು ಹಿಡಿದು ಕರೆದರು. "ಎರಡು ವಾರ ಉಳಿದಿದೆ. ಹಟ ಸಾಕು. ಆ ಗುಳ್ಳೆಯವನಿಗೇ ಕೊಟ್ಟುಬಿಡಿ. ನನಗೆ ಅಂಗಡಿ ಬೇಕು. ಇಪ್ಪತ್ತು ವರ್ಷದಿಂದ ಬೇಕು." ಹೇಳುವಾಗ ನನ್ನನ್ನು ನೋಡದೆ ಹೊಸ ಶೂವಿನ ಮೂತಿ ನೋಡುತ್ತಿದ್ದರು.

ಮನೆಗೆ ಬಂದು ರ‍್ಯಾಕ್‌ಸ್ಟ್ರಾಗೆ ಫೋನು ಮಾಡಬೇಕಿತ್ತು. ನನ್ನ ಪಾಲು ಎರಡು ಸಾವಿರದ ಎಂಬತ್ತು. ಫೋನಿನ ಹತ್ತಿರ ಎರಡು ಸಲ ಹೋದೆ. ಅದರ ಧೂಳು ಒರೆಸಿದೆ.

ಸೆಪ್ಟೆಂಬರ್ ೧೮, ಗುರುವಾರ

ಫೋನು ಮಾಡಿಲ್ಲ. ರ‍್ಯಾಕ್‌ಸ್ಟ್ರಾನೇ ಮಾಡಿದ. "ಏನಯ್ಯಾ, ಸೋಮವಾರದೊಳಗೆ ಹೇಳ್ತೀಯೋ, ಬೇರೆ ಕಾರು ನೋಡ್ಲೋ?" ಸೋಮವಾರ ಹೇಳುತ್ತೇನೆ ಎಂದೆ.

ಮೂರಡಿ ದೂರ ನಿಲ್ಲಿಸುವವನು, ಸುತ್ತಿ ಬರುವವನು, ಕೈ ಚಾಚುವವನು. ಮೂರು ದಿನದಿಂದ ಇದೇ ತಲೆಯಲ್ಲಿ. ನನಗೆ ಗೊತ್ತಿರುವ ಗಿರಾಕಿಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡಿದೆ, ಒಬ್ಬನೂ ಇಲ್ಲ. ಇವತ್ತು ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದಾಗ ಥಟ್ಟನೆ ಹೊಳೆಯಿತು. ಅಂಥ ಒಬ್ಬ ನನಗೇ ಕೈ ಚಾಚಿದ್ದಾನೆ.

ನಾಲ್ಕು ವರ್ಷದ ಹಿಂದೆ, ನವೆಂಬರ್. ಸ್ಮಶಾನದ ಗೇಟು. ಕರಿ ಕಾರು ಕಲ್ಲಿನಿಂದ ದೂರ ನಿಂತಿತು. ಉದ್ದನೆಯ ಆಸಾಮಿ ಸುತ್ತಿ ಬಂದು ಬಾಗಿಲು ತೆರೆದು ಕೈ ಚಾಚಿದ. ನಾನು ಆ ಕೈ ಹಿಡಿಯಲಿಲ್ಲ. ಇಳಿಯಲೂ ಇಲ್ಲ. ಎಲ್ಲ ಮುಗಿಯುವವರೆಗೆ ಕಾರಿನಲ್ಲೇ ಕೂತಿದ್ದೆ. ಅವನು ಬಾಗಿಲು ಹಾಕಿ, ಹೊರಗೆ ಮಳೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು, ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದ.

ಮಧ್ಯಾಹ್ನ ಟಾಲಿಯ ಅಂಗಡಿಗೆ ಹೋದೆ. ಮೇಣದ ವಾಸನೆ. ಅವನು ಹಿತ್ತಲಲ್ಲಿ ಕೋಟು ಬಿಚ್ಚಿ ಶವವಾಹನ ತೊಳೆಯುತ್ತಿದ್ದ.

"ಟಾಲಿ, ಜುಲೈನಲ್ಲಿ ನಾನು ಸುಳ್ಳು ಹೇಳಿದೆ. ಯಾರಿಗೂ ಮಾತು ಕೊಟ್ಟಿರಲಿಲ್ಲ."

"ಗೊತ್ತಿತ್ತು ಮಿಸ್ಟರ್ ಯಾಪ್."

"ಗೊತ್ತಿದ್ದೂ ಸುಮ್ನೆ ಹೋದ್ರಾ?"

"ನನ್ನ ಕಂಡ್ರೆ ಜನ ರಸ್ತೆ ದಾಟ್ತಾರೆ. ತಪ್ಪು ತಿಳ್ಕೊಳ್ಳಲ್ಲ. ಒಂದಲ್ಲ ಒಂದು ದಿನ ಈ ಬದಿಗೆ ವಾಪಸ್ ಬರ್ತಾರೆ." ಚಕ್ರಕ್ಕೆ ನೀರು ಎರಚಿದ. "ಕೆಲವರು ಮಲಗಿಕೊಂಡು ಬರ್ತಾರೆ, ಅದು ಬೇರೆ."

ಇಷ್ಟು ವರ್ಷದಲ್ಲಿ ಇವನ ಬಾಯಿಂದ ಹಾಸ್ಯ ಕೇಳಿದ್ದು ಇದೇ ಮೊದಲು. ನಗು ಬಂತು, ಆಮೇಲೆ ತಡೆಯಲಾಗಲಿಲ್ಲ. ಬಕೆಟ್ ಬೋರಲು ಹಾಕಿ ನನ್ನನ್ನು ಕೂರಿಸಿದ.

ಶನಿವಾರ ಬರಲು ಹೇಳಿದೆ. ಷರತ್ತು ಹೇಳಿದೆ. ಕಲ್ಲಿನ ವಿಷಯ, ಬಾಗಿಲಿನ ವಿಷಯ, ಒಂದಕ್ಷರ ಹೇಳಲಿಲ್ಲ. ಬಾಯಿ ಬಿಟ್ಟೇ ಅನ್ನ ತಿಂದವನು ನಾನು. ಈ ಮೌನಕ್ಕೆ ಬೆಲೆ ಕಟ್ಟಿದರೆ ಬ್ಯಾಟರಿಗಿಂತ ಹೆಚ್ಚಾಗುತ್ತದೆ.

ಸೆಪ್ಟೆಂಬರ್ ೨೦, ಶನಿವಾರ

ಇವತ್ತು ಅಂಗಳದಲ್ಲಿ ನಿಲ್ಲಲಾಗಲಿಲ್ಲ. ಅವರಿಬ್ಬರೂ ಹೊರಡುವ ಮೊದಲೇ ವ್ಯಾನು ಹತ್ತಿ ಲೆಡ್ಬರಿಗೆ ಹೋಗಿ ಚಹಾದಂಗಡಿಯ ಕಿಟಕಿ ಬದಿಗೆ ಕೂತೆ. ಬಾದಾಮಿ ಕೇಕು ತರಿಸಿದೆ. ತಿನ್ನಲಾಗಲಿಲ್ಲ. ನಾಲ್ಕು ಪೌಂಡಿನ ಕೇಕು.

ಮೂರು ಗಂಟೆಗೆ ಬೀದಿಯ ತುದಿಯಲ್ಲಿ ಕೆಂಪು ಕಂಡಿತು. ಬರುತ್ತಿದ್ದ ವೇಗ ನೋಡಿ ತಲೆ ಚಚ್ಚಿಕೊಂಡೆ. ಹಿಂದೆ ಆರೇಳು ಗಾಡಿಗಳು ಸಾಲುಗಟ್ಟಿವೆ, ಶವಯಾತ್ರೆಯೇ. ಕಾರು ಅಂಗಡಿಯ ಮುಂದೆ ಬಂತು. ಕಲ್ಲಿಗೆ ಹತ್ತಿರ ಸರಿಯಿತು. ಇನ್ನೂ ಹತ್ತಿರ. ನಾನು ಮೇಜಿನ ಬಟ್ಟೆ ಹಿಡಿದುಕೊಂಡೆ. ಅಲ್ಲಿ ನಿಂತಿತು. ಮೂರಡಿಗೆ ಒಂದಂಗುಲ ಹೆಚ್ಚೇ.

ಟಾಲಿ ಇಳಿದ. ಅವಸರವಿಲ್ಲ. ಹಿಂದಿದ್ದ ಸಾಮಾನು ವ್ಯಾನಿನವನು ಹಾರ್ನ್ ಒತ್ತಿದ. ಟಾಲಿ ನಿಂತು, ತಿರುಗಿ, ಅವನನ್ನು ನೋಡಿದ. ಸುಮ್ಮನೆ ನೋಡಿದ, ಅಳತೆ ತೆಗೆದುಕೊಂಡ ಹಾಗೆ. ಹಾರ್ನ್ ನಿಂತಿತು. ಟಾಲಿ ಮುಂಭಾಗದಿಂದ ಸುತ್ತಿ ಬಂದ. ಆ ಬಾಗಿಲಿಗೆ ಹೊರಗೆ ಹಿಡಿಯೇ ಇಲ್ಲ, ಒಳಗೆ ಕೈ ಹಾಕಿ ಹಗ್ಗ ಎಳೆಯಬೇಕು. ಎಳೆದ. ಉದ್ದ ಬಾಗಿಲು ಕಲ್ಲಿಗೆ ತಾಗದೆ ಪೂರ್ತಿ ತೆರೆಯಿತು. ಅವನು ಚರಂಡಿಯಲ್ಲಿ ತಾನೇ ಕಾಲಿಟ್ಟು ನಿಂತು ಕೈ ಚಾಚಿದ.

ಆಲ್ವೆನ್ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಿಡಿದರು. ಕಲ್ಲಿನ ಮೇಲೆ ಬಂದು ನಿಂತಾಗ ಹೊಸ ಶೂವಿಗೆ ಒಂದು ಹನಿಯೂ ಸಿಡಿದಿರಲಿಲ್ಲ.

ಒಳಗೆ ಬಂದು ನನ್ನನ್ನು ಕಂಡು ಸೊಂಟಕ್ಕೆ ಕೈ ಇಟ್ಟರು. "ಹೇಳಿಕೊಟ್ರಾ?"

"ಒಂದಕ್ಷರ ಇಲ್ಲ. ಬೆರಿಲ್ ಆಣೆ."

"ಬೆರಿಲ್ ಯಾರು ವಿಲ್ಫ್?"

"ನನ್ನ ಹೆಂಡ್ತಿ. ಇದ್ಳು."

ಅವರು ನನ್ನ ಎದುರು ಕೂತು, ನನ್ನ ಕೇಕನ್ನು ತಾವೇ ತಿನ್ನತೊಡಗಿದರು. ಟಾಲಿ ಚಹಾ ಕುಡಿಯುತ್ತ ಕಿಟಕಿಯಾಚೆ ಕಾರು ನೋಡುತ್ತಿದ್ದ.

"ಒಂದೇ ತಕರಾರು," ಎಂದರು ಆಲ್ವೆನ್. "ಇಲ್ಲೀವರೆಗೂ ಇಪ್ಪತ್ತು ಮೈಲಿ ವೇಗ. ಒಂದು ಕುರಿ ನಮ್ಮನ್ನ ದಾಟಿ ಹೋಯ್ತು. ಟಾಲಿ ಅವರೇ, ವಾಪಸ್ ಹೋಗುವಾಗ ಕಾಲು ಒತ್ತದಿದ್ರೆ ನಾನು ಇಳಿದು ನಡೀತೀನಿ."

ಅವರಿಗಿಂತ ಮುಂಚೆ ಹೊರಟವನು ನಾನು. ಬೆಟ್ಟದ ತಿರುವಿನಲ್ಲಿ ಕೆಂಪು ಮಿಂಚು ನನ್ನ ವ್ಯಾನನ್ನು ದಾಟಿ ಹೋಯಿತು. ಒಳಗಿಂದ ಇಬ್ಬರ ನಗೆ ಕೇಳಿಸಿತು. ಅಂಗಳಕ್ಕೆ ಬಂದಾಗ ಟಾಲಿಯ ಕೂದಲು ಮುಳ್ಳುಹಂದಿಯ ಹಾಗೆ ನಿಂತಿತ್ತು, ಕಣ್ಣಲ್ಲಿ ನೀರು, ಗಾಳಿಗೆ.

"ಹೂಂ," ಎಂದರು ಆಲ್ವೆನ್.

ಟಾಲಿಯ ಹತ್ತಿರ ಇದ್ದದ್ದು ಇಪ್ಪತ್ತಮೂರು ಸಾವಿರ. ಅಂಗಡಿಗೆ ಬೇಕಾದದ್ದು ಇಪ್ಪತ್ತೆರಡು. ನನ್ನ ಪಾಲು ಒಂದು ಸಾವಿರಕ್ಕೆ ಇಳಿಯಬೇಕು. ಎಂಟರ ಲೆಕ್ಕದಿಂದ ಇಳಿದದ್ದು ನನ್ನ ಬದುಕಿನಲ್ಲೇ ಇಲ್ಲ. ಇಳಿದೆ. ತುಂಬ ಹೊತ್ತು ಇಟ್ಟುಕೊಂಡ ಮಾಲಿಗೆ ಹೀಗಾಗುತ್ತದೆ, ವ್ಯಾಪಾರದ ನಿಯಮ.

ಸೆಪ್ಟೆಂಬರ್ ೨೨, ಸೋಮವಾರ

ರ‍್ಯಾಕ್‌ಸ್ಟ್ರಾಗೆ ಫೋನು ಮಾಡಿದೆ. "ಮಾರಾಟ ಆಯ್ತು ಸಾರ್."

"ಎಷ್ಟಕ್ಕೆ?"

"ನಿಮ್ಮದಕ್ಕಿಂತ ಮೂರು ಸಾವಿರ ಕಡಿಮೆಗೆ."

ಆ ಕಡೆ ತುಂಬ ಹೊತ್ತು ಸದ್ದಿಲ್ಲ. ಫೋನಿನ ಆ ಮೌನವನ್ನು ಮಾರಲು ಸಾಧ್ಯವಿದ್ದರೆ ಮಾರುತ್ತಿರಲಿಲ್ಲ, ನಾನೇ ಇಟ್ಟುಕೊಳ್ಳುತ್ತಿದ್ದೆ.

ಸೆಪ್ಟೆಂಬರ್ ೨೮, ಭಾನುವಾರ

ಬೆಳಿಗ್ಗೆ ಟಾಲಿ ಕಾರು ತಂದು ಮನೆ ಮುಂದೆ ನಿಲ್ಲಿಸಿದ. "ಹತ್ತಿ," ಎಂದ. ಈ ಕಾರಿನ ಎಡಗಡೆ ಸೀಟಿನಲ್ಲಿ ಕೂತದ್ದು ಇದೇ ಮೊದಲು. ರಸ್ತೆ ಕೈಗೆ ಎಟಕುವಷ್ಟು ಹತ್ತಿರ. ಎಲ್ಲಿಗೆ ಎಂದು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಧ್ಯೆ ಹೂವಿನ ಅಂಗಡಿಯ ಹತ್ತಿರ ನಿಧಾನ ಮಾಡಿ ನನ್ನ ಮುಖ ನೋಡಿದ. ಹೂಂ ಎಂದೆ.

ಸ್ಮಶಾನದ ಅದೇ ಗೇಟಿನ ಬಳಿ ಕಲ್ಲಿನಿಂದ ಮೂರಡಿ ದೂರ ನಿಂತಿತು. ಅವನು ಸುತ್ತಿ ಬಂದು, ಹಗ್ಗ ಎಳೆದು, ಕೈ ಚಾಚಿದ.

ತಗ್ಗಿನ ಕಾರು, ನನ್ನ ಮಂಡಿ ಹಳೆಯದು. ಕೈ ಹಿಡಿದು ಇಳಿದೆ.

ಸೆಪ್ಟೆಂಬರ್ ೨೯, ಸೋಮವಾರ. ಮಿಕೆಲ್‌ಮಸ್

ದುಡ್ಡು ಕೈ ಸೇರಿತು, ಅಂಗಡಿಯ ಬೀಗದ ಕೈ ಆಲ್ವೆನ್ ಜೇಬು ಸೇರಿತು. ಇವತ್ತಿನ ಬ್ಲ್ಯಾಕ್‌ಬೆರಿ ಕಡುಬನ್ನು ತಮ್ಮ ತಟ್ಟೆಯಲ್ಲೇ ಹಾಕಿಕೊಟ್ಟರು. ನನಗೂ ಟಾಲಿಗೂ ದುಡ್ಡು ತೆಗೆದುಕೊಂಡರು. "ಮೊದಲ ದಿನವೇ ಬಿಟ್ಟಿ ಕೊಟ್ರೆ ಅಂಗಡಿ ಉಳಿಯುತ್ತಾ ವಿಲ್ಫ್?" ಎಂದರು. ನನ್ನಿಂದಲೇ ಕಲಿತದ್ದು.

ಲೆಕ್ಕ ಮುಗಿಸುತ್ತೇನೆ.

ಗೈಲ್ಸ್ ರ‍್ಯಾಕ್‌ಸ್ಟ್ರಾ: ಒಂದು ಖಾಲಿ ಗುಳ್ಳೆ.

ಆಂಬ್ರೋಸ್ ಟಾಲಿ: ಉದ್ದ ಬಾಗಿಲಿನ ಕಾರು, ಎರಡು ಗೀರಿನ ಸಮೇತ. ಗೀರನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಜೊತೆಗೆ ಅತಿವೇಗಕ್ಕೆ ಬಿದ್ದ ಮೊದಲ ದಂಡ, ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದಾನೆ.

ಆಲ್ವೆನ್ ಪ್ರಾಸರ್: ಒಂದು ಚಹಾದಂಗಡಿ, ಒಂದು ಜೊತೆ ಶೂ, ಭಾನುವಾರಗಳಲ್ಲಿ ಎಡಗಡೆ ಸೀಟು.

ವಿ. ಯಾಪ್: ಸಾವಿರದಲ್ಲಿ ಏಳುನೂರ ಹನ್ನೊಂದು ಕಳೆದು ಇನ್ನೂರ ಎಂಬತ್ತೊಂಬತ್ತು ಪೌಂಡ್. ಕಿಟಕಿ ಬದಿಯ ಮೇಜು, ಗುರುವಾರ ಗುರುವಾರ.

ಬೆರಿಲ್ ಯಾಪ್: ಒಂದು ಗೊಂಚಲು ಬಿಳಿ ಹೂವು.